ಫ್ರೀಜರಕ್ಕನ ಕೆಂಪು ಗೆರೆ

ಮೊಮ್ಮಗಳು ಹುಟ್ಟಿ ಐದು ತಿಂಗಳಾಗಿತ್ತು. ಈ ಐದು ತಿಂಗಳಲ್ಲಿ ಫ್ರೀಜರಕ್ಕ ಅವಳನ್ನು ಎತ್ತಿಕೊಂಡದ್ದು ನಾಲ್ಕೇ ಸಲ. ನಾಲ್ಕು ಸಲವೂ ಕೂಸು ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಪಕ್ಕದ ಮನೆಯವರು ಗೋಡೆ ಬಡಿಯುವಷ್ಟು ಕಿರುಚಿತ್ತು. ಕೂಸಿನ ತಪ್ಪೇನಿಲ್ಲ. ಹಾಲು ಕುಡಿದು ಬೆಚ್ಚಗೆ ಕಣ್ಣು ಮುಚ್ಚುತ್ತಿರುವಾಗ ಕಂಕುಳಿಗೆ ಎರಡು ಮಂಜುಗಡ್ಡೆ ಬಂದು ತಗಲಿದರೆ ದೊಡ್ಡವರೂ ಕಿರುಚುತ್ತಾರೆ. ದೊಡ್ಡವರಾದರೆ ಜೊತೆಗೆ ನಾಲ್ಕು ಬೈಗುಳ ಸೇರಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಆಮೇಲಾಮೇಲೆ ಮಗಳು ಒಂದು ನಿಯಮ ಮಾಡಿದಳು. ಅಜ್ಜಿಯಾದವಳು ಮೊದಲು ಬಿಸಿನೀರಿನ ಚೀಲ ಹಿಡಿದು ಹತ್ತು ನಿಮಿಷ ಕೂರಬೇಕು. ಆಮೇಲೆ ಕೈ ಚಾಚಬೇಕು. ಮಗಳು ಬಂದು, ಬಾಟಲಿ ಹಾಲಿನ ಬಿಸಿ ನೋಡುವ ಹಾಗೆ, ಆ ಬೆರಳುಗಳನ್ನು ತನ್ನ ಮಣಿಕಟ್ಟಿನ ಒಳಭಾಗಕ್ಕೆ ಒತ್ತಿಕೊಂಡು ತೀರ್ಪು ಕೊಡುತ್ತಾಳೆ.

"ಇಲ್ಲಮ್ಮ. ಇನ್ನೂ ಇಲ್ಲ."

"ಅಂಗೈ ಬೆಚ್ಚಗಿದೆಯಲ್ಲೇ!"

"ಬೆರಳ ತುದಿ ನೋಡು, ಮೇಣದ ಬತ್ತಿ ಇದ್ದಂಗಿದೆ. ಪಾಪುಗೆ ಶೀತ ಆದ್ರೆ? ಶೀತ ಎದೆಗಿಳಿದ್ರೆ? ಡಾಕ್ಟ್ರು ಭಾನುವಾರ ಇರಲ್ಲ."

"ಇವತ್ತು ಮಂಗಳವಾರ ಕಣೇ."

"ಶೀತ ಎದೆಗಿಳಿಯೋಕೆ ಐದು ದಿನ ಬೇಕಮ್ಮ. ಓದಿದೀನಿ."

ಮಗಳು ಓದದ ಕಾಯಿಲೆಯೇ ಇರಲಿಲ್ಲ. ಕೂಸಿನ ಸ್ನಾನದ ನೀರಿಗೆ ಎರಡು ಥರ್ಮಾಮೀಟರ್ ಇಟ್ಟಿದ್ದಳು, ಒಂದು ಸುಳ್ಳು ಹೇಳಿದರೆ ಇನ್ನೊಂದು ಇರಲಿ ಎಂದು. ಅವಳ ಜೊತೆ ವಾದಕ್ಕಿಳಿದರೆ ಗೆಲ್ಲುವವರು ಯಾರೂ ಇರಲಿಲ್ಲ. ಫ್ರೀಜರಕ್ಕ ತೊಟ್ಟಿಲ ಪಕ್ಕ ಕೂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಂಗಡಿಯ ಗಾಜಿನಾಚೆಯ ಸಾಮಾನು ನೋಡುವವಳಂತೆ ಮೊಮ್ಮಗಳನ್ನು ನೋಡುತ್ತಿದ್ದಳು. ಇಡೀ ಚಳಿಗಾಲ ಹೀಗೇ ಕಳೆಯುವುದೇ, ಕೂಸು ನಡೆಯಲು ಕಲಿತು ತಾನಾಗೇ ಓಡಿಹೋಗುವವರೆಗೂ ಹೀಗೇ ಇರುವುದೇ ಎಂಬುದು ಅವಳಿಗೆ ಹತ್ತಿದ್ದ ಒಂದೇ ಚಿಂತೆ.

ಫ್ರೀಜರಕ್ಕ ಅವಳ ಹೆಸರಲ್ಲ. ಬಂದರಿನ ಹಿಂದಿನ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತಾರು ವರ್ಷ ದುಡಿದು ಗಳಿಸಿದ ಬಿರುದು. ಕೆಲಸಕ್ಕೆ ಸೇರಿದಾಗ, ಇಷ್ಟು ಬಿಸಿ ತಲೆಯವಳಿಗೆ ಅದೇ ಸರಿಯಾದ ಜಾಗ ಎಂದು ಅತ್ತೆ ಸಂತೋಷಪಟ್ಟಿದ್ದರಂತೆ. ಹೆಪ್ಪುಗಟ್ಟಿದ ಬಟಾಣಿ, ಮೀನು, ಐಸ್‌ಕ್ರೀಮು, ಇವು ಅವಳ ಪ್ರಜೆಗಳು. ಎರಡು ಸ್ವೆಟರು, ಒಂದು ದಪ್ಪ ಜಾಕೆಟ್ಟು, ಕೈಗೆ ಎರಡು ಪದರದ ಗ್ಲೌಸು, ಹುಬ್ಬಿನ ಮೇಲೆ ಸಣ್ಣ ಹಿಮ. ಅವು ಅವಳ ರಾಜಪೋಷಾಕು. ಒಳಗೆ ಬಾಲ್ ಪೆನ್ನಿನ ಶಾಯಿ ಗಟ್ಟಿಯಾಗಿ ಬರೆಯುವುದಿಲ್ಲ, ಆದ್ದರಿಂದ ಅಲ್ಲಿಯವರೆಲ್ಲ ಬರೆಯುವುದು ಪೆನ್ಸಿಲ್ಲಿನಲ್ಲಿ. ಅವಳ ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಚುಚ್ಚಿರುತ್ತಿತ್ತು. ಮಗಳ ಮದುವೆಯ ಫೋಟೋದಲ್ಲೂ ಇದೆ.

ಆ ಕೆಲಸ ಅವಳಿಗೆ ಎರಡು ವಿದ್ಯೆ ಕಲಿಸಿತ್ತು. ಒಂದು, ಲಾರಿಯಲ್ಲಿ ಬಂದ ಸರಕಿನ ತಂಪನ್ನು ಅಂಚಿನ ಪೆಟ್ಟಿಗೆಯಲ್ಲಿ ಅಳೆಯಬಾರದು. ಅಂಚಿನ ಪೆಟ್ಟಿಗೆ ಬಾಗಿಲಿಗೆ ಬಂದು ಹಲ್ಲು ಕಿರಿಯುತ್ತದೆ, ನಿಜ ಇರುವುದು ನಡುವಿನ ಪೆಟ್ಟಿಗೆಯಲ್ಲಿ. ಹೊರಗಿನದನ್ನೆಲ್ಲ ಸರಿಸಿ, ನಡುವಿನದಕ್ಕೇ ಉದ್ದನೆಯ ಕಡ್ಡಿ ಥರ್ಮಾಮೀಟರ್ ಚುಚ್ಚಬೇಕು. ಎರಡನೆಯದು ಕೈಗೆ ಕೂತ ವಿದ್ಯೆ. ಕೋಣೆಯ ಬಿಸಿ ಏರಿ ಗೋಡೆಯ ಅಂಕಿ ಮೈನಸ್ ಹದಿನೆಂಟನ್ನು ದಾಟಿದರೆ ಮೂರೇ ಕೆಲಸ: ಕೆಳಮುಖದ ಬಾಣದ ಬಟನ್ನು ಒತ್ತು, ಹೊರಗೆ ಓಡು, ಬಾಗಿಲಿಗೆ ಸೊಂಟದಿಂದ ಗುದ್ದು. ಫ್ರೀಜರಿನ ದಪ್ಪ ಬಾಗಿಲು ಕೈಯಲ್ಲಿ ತಳ್ಳಿದರೆ ಕೂರುವುದಿಲ್ಲ, ಸೊಂಟವೇ ಬೇಕು. ಯೋಚನೆ ಮಾಡುತ್ತ ನಿಂತರೆ ಒಂದು ಕೋಣೆ ಐಸ್‌ಕ್ರೀಮು ಪಾಯಸವಾಗಿರುತ್ತದೆ.

ಗಂಡ ಬೇಕರಿಯ ಓವನ್ ಮೇಸ್ತ್ರಿ. ಅವನದು ಪೂರಾ ಉಲ್ಟಾ. ಚಳಿಗಾಲದಲ್ಲೂ ಕುತ್ತಿಗೆಗೊಂದು ಒದ್ದೆ ಟವೆಲ್ಲು, ಮಲಗುವಾಗ ಕಿಟಕಿ ತೆರೆದೇ ಇರಬೇಕು. ಒಂದೇ ಹಾಸಿಗೆಯಲ್ಲಿ ಎರಡು ಹವಾಮಾನ. ಅವಳ ಪಾದ ತಗಲಿದರೆ ಅವನು ಬೆಚ್ಚಿಬೀಳುತ್ತಿದ್ದ, ಮರುಗಳಿಗೆ ತಾನೇ ಕಾಲು ಚಾಚಿ ಹುಡುಕುತ್ತಿದ್ದ, ತಂಪಾಗಿದೆಯೆಂದು. ಅದನ್ನೇ ಪ್ರೀತಿ ಎಂದುಕೊಂಡು ಮೂವತ್ತು ವರ್ಷ ಸಂಸಾರ ಮಾಡಿದ್ದರು.

ಅವಳು ನಿವೃತ್ತಳಾದ ತಿಂಗಳು ಹಡಗು ಕಂಪನಿಯೊಂದು ಒಂದು ಮರ್ಯಾದೆ ತೋರಿಸಿತು. ಆ ಕಂಪನಿಯ ಪ್ರವಾಸಿ ಹಡಗುಗಳಿಗೆ ಬಟಾಣಿ, ಮೀನು ಹೋಗುತ್ತಿದ್ದುದು ಅವಳ ಕೋಣೆಯಿಂದಲೇ. ಹಾಗಾಗಿ ಗಂಡ ಹೆಂಡತಿಗೆ ಎರಡು ವಾರದ ಸಮುದ್ರಯಾನ, ಪೂರ್ತಿ ಉಚಿತ. ಕರಪತ್ರದ ನಕ್ಷೆಯಲ್ಲಿ ನೀಲಿ, ಹಸಿರು, ಕೆಂಪು ಎಂದು ಮೂರು ಗೆರೆ, ಚಳಿಯ ದಾರಿ, ಹದದ ದಾರಿ, ಬಿಸಿಲಿನ ದಾರಿ; ಒಂದನ್ನು ಆರಿಸಿ ಶುಕ್ರವಾರ ಸಂಜೆ ಐದರೊಳಗೆ ಹೇಳಬೇಕು. ಫ್ರೀಜರಿನಲ್ಲಿ ದುಡಿದು ಬಿಳಿಚಿದ ಅವಳ ಬೆರಳು ನೋಡುತ್ತಿದ್ದ ಡಾಕ್ಟರೂ, ಈ ಚಳಿಯಲ್ಲಿ ಒಂದೆರಡು ವಾರ ಬಿಸಿಲಿನಲ್ಲಿದ್ದರೆ ರಕ್ತ ಬೆರಳ ತುದಿಯವರೆಗೆ ಓಡಾಡುವ ಅಭ್ಯಾಸ ಮಾಡಿಕೊಂಡೀತು ಎಂದಿದ್ದರು. ಖಾತರಿಯಿಲ್ಲ, ನೋಡಬಹುದು ಎಂದಿದ್ದರು. ಫ್ರೀಜರಕ್ಕನಿಗೆ ಅಷ್ಟೇ ಸಾಕಾಗಿತ್ತು.

ಊಟದ ಮೇಜಿನ ಮೇಲೆ ನಕ್ಷೆ ಹರಡಿದ್ದೇ ತಡ, ಮನೆ ಮೂರು ಹೋಳಾಯಿತು.

"ನೀಲಿ," ಎಂದ ಗಂಡ. "ಮಂಜಿನ ಬೆಟ್ಟ ತೋರಿಸ್ತಾರಂತೆ. ಡೆಕ್ಕಲ್ಲಿ ನಿಂತ್ರೆ ಮುಖಕ್ಕೆ ಹಿಮದ ಗಾಳಿ. ಅಬ್ಬಾ!"

"ರೀ, ಇಪ್ಪತ್ತಾರು ವರ್ಷ ಮಂಜು ನೋಡಿದೀನಿ. ಅದು ಬೆಟ್ಟದ ಆಕಾರದಲ್ಲಿದ್ರೆ ಕೈ ಮುಗೀಬೇಕಾ?"

"ಹಸಿರು ಗೆರೆ ತಗೊಳ್ಳಮ್ಮ," ಎಂದಳು ಮಗಳು. "ಹದವಾಗಿರುತ್ತೆ. ಮುಖ್ಯ, ಪ್ರತಿ ಬಂದರಲ್ಲೂ ಆಸ್ಪತ್ರೆ ಇದೆ. ನೋಡಿದೀನಿ. ಕೆಂಪಲ್ಲಿ ಮೂರು ದ್ವೀಪಕ್ಕೆ ಸೇರಿ ಒಂದೇ ಆಸ್ಪತ್ರೆ, ಅದೂ ಹಲ್ಲಿಂದು."

"ಪ್ರವಾಸ ಹೋಗ್ತಿರೋದೋ, ಅಡ್ಮಿಟ್ ಆಗೋಕೆ ಹೋಗ್ತಿರೋದೋ?"

"ಅತ್ತೇ, ನೀವು ಕೆಂಪಿಗೆ ಹೋಗಿ," ಎಂದ ಅಳಿಯ. ಹೆಂಡತಿ ತಿರುಗಿ ನೋಡಿದಳು. ಅಳಿಯ ಆ ಊಟ ಮುಗಿಯುವವರೆಗೆ ಮತ್ತೆ ಬಾಯಿ ತೆರೆದದ್ದು ತಿನ್ನುವುದಕ್ಕೆ ಮಾತ್ರ.

ಬುಧವಾರ ಫ್ರೀಜರಕ್ಕ ಹಡಗು ಕಂಪನಿಯ ಟಿಕೆಟ್ ಕಚೇರಿಗೆ ಹೋದಳು. ಗೋಡೆಯ ತುಂಬ ತೆಂಗಿನ ಮರ, ಮರಳು, ನಗುವ ಹಲ್ಲು; ಅದರ ಕೆಳಗೆ ಶಾಲು ಹೊದ್ದು, ಮೂಗು ಒರೆಸಿಕೊಳ್ಳುತ್ತ ಟಿಕೆಟ್ ಮೇಡಂ ಕೂತಿದ್ದರು.

"ಕೆಂಪು ಗೆರೇಲಿ ಎಷ್ಟು ಬೆಚ್ಚಗಿರುತ್ತೆ?"

"ತುಂಬಾ ಚೆನ್ನಾಗಿರುತ್ತಮ್ಮ. ಮೂವತ್ತೆರಡು."

"ಎಲ್ಲಿ?"

"ಎಲ್ಲಿ ಅಂದ್ರೆ... ಅಲ್ಲೇ."

"ದಡದಲ್ಲೋ, ನಡು ನೀರಲ್ಲೋ? ಮಧ್ಯಾಹ್ನವೋ, ಬೆಳಗಿನ ಐದಕ್ಕೋ? ನೀವು ಹೇಳ್ತಿರೋದು ಅಂಚಿನ ಪೆಟ್ಟಿಗೆ. ನನಗೆ ನಡುವಿಂದು ಬೇಕು."

ಮೇಡಂ ಕರಪತ್ರ ತಿರುಗಿಸಿದರು. ಪೆಟ್ಟಿಗೆಯ ಸುದ್ದಿ ಎಲ್ಲೂ ಇರಲಿಲ್ಲ. "ಬೆಳಗಿನ ಐದಕ್ಕೆ ಡೆಕ್ಕಿಗೆ ಯಾರಮ್ಮ ಬರ್ತಾರೆ?"

"ನಾನು ಬರ್ತೀನಿ. ಇಷ್ಟು ವರ್ಷ ನಾಲ್ಕೂವರೆಗೆ ಎದ್ದವಳು ಹಡಗು ಹತ್ತಿದ ತಕ್ಷಣ ಸೋಮಾರಿ ಆಗೋಕಾಗುತ್ತಾ?"

ಮೇಡಂ ಮುಖ್ಯ ಕಚೇರಿಗೆ ಫೋನು ಮಾಡಿದರು. ಮುಖ್ಯ ಕಚೇರಿಯವರು ಇನ್ಯಾರಿಗೋ ಮಾಡಿದರು. ಅರ್ಧ ಗಂಟೆಯಾದ ಮೇಲೆ ಉತ್ತರ ಬಂತು: ನಡು ನೀರಲ್ಲಿ, ಬೆಳಗಿನ ಐದಕ್ಕೆ, ಗಾಳಿಯಿದ್ದರೂ ಇಪ್ಪತ್ತಾರು. ಫ್ರೀಜರಕ್ಕನ ಮುಖ ಅರಳಿತು. ತುರುಬಿನಿಂದ ಪೆನ್ಸಿಲ್ ಎಳೆದು ಬರೆದುಕೊಂಡಳು. ಮೇಡಂ ಉಸಿರು ಬಿಟ್ಟರು. ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಇನ್ನೊಂದು ಪ್ರಶ್ನೆ ಬಂತು.

"ಸರಿ. ಹಡಗಿನ ಒಳಗೆ ಎಷ್ಟಿರುತ್ತೆ?"

"ಒಳಗಾ?"

"ಹೂಂ. ಮಲಗೋ ಕೋಣೇಲಿ, ಊಟದ ಹಾಲಲ್ಲಿ."

ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲವಂತೆ. ಮತ್ತೆ ಫೋನು. ಮೇಡಂ ರಿಸೀವರ್ ಇಟ್ಟು, ತಪ್ಪು ತಮ್ಮದೇ ಎಂಬಂತೆ ಮೆಲ್ಲಗೆ ಹೇಳಿದರು. "ಹತ್ತೊಂಬತ್ತು. ಎಸಿ ಅಮ್ಮ. ಎಲ್ಲ ಕಡೆ. ಕಮ್ಮಿ ಮಾಡೋಕಾಗಲ್ವಂತೆ."

ಫ್ರೀಜರಕ್ಕ ನಕ್ಷೆಯನ್ನೇ ನೋಡುತ್ತ ಕೂತಳು. "ಹೊರಗೆ ಬೇಯ್ಸೋದು, ಒಳಗೆ ಹೆಪ್ಪು ಹಾಕೋದು. ಇದು ಹಡಗೋ ನಮ್ಮ ಗೋಡೌನೋ? ನಾನೂ ನನ್ನ ಬಟಾಣೀನೂ ಒಟ್ಟಿಗೇ ಹೋದಂಗಾಯ್ತು."

ಮನೆಗೆ ಬಂದು ವಿಷಯ ಹೇಳಿದಾಗ ಗಂಡನಿಗೆ ಹಬ್ಬ. "ನೋಡಿದ್ಯಾ? ಎಲ್ಲಿ ಹೋದ್ರೂ ಚಳಿ ತಪ್ಪಲ್ಲ. ಅದರ ಬದಲು ನೀಲಿ ಗೆರೆ. ಒಳಗೂ ತಂಪು, ಹೊರಗೂ ತಂಪು, ಗೊಂದಲವೇ ಇಲ್ಲ." ಅವಳು ನಕ್ಷೆ ಮಡಚತೊಡಗಿದಳು. ಅವಳು ಮಾತಾಡದಿದ್ದರೆ ಅವನಿಗೆ ಭಯ, ಬೈದರೆ ಸಮಾಧಾನ. ಆದ್ದರಿಂದ ತಾನೇ ಒಂದು ಉಪಾಯ ಹೂಡಿದ. "ಒಂದ್ಕೆಲಸ ಮಾಡೋಣ. ಶುಕ್ರವಾರ ಮಧ್ಯಾಹ್ನ ಬೇಕರಿಗೆ ಬಾ. ಮೂರು ಗೆರೇನೂ ಅಲ್ಲೇ ನೋಡ್ಬಿಡು. ಯಾವುದು ಮೈಗೆ ಆಗಿಬರುತ್ತೋ ಅದು."

ಉಪಾಯದ ಹೊಟ್ಟೆಯಲ್ಲೊಂದು ಕುತಂತ್ರವಿತ್ತು. ಬೇಕರಿಯಲ್ಲಿ ಹಿಟ್ಟು ಉಬ್ಬಿಸುವ ಕೋಣೆಯೊಂದಿದೆ. ಮೂವತ್ತೆರಡು ಡಿಗ್ರಿ, ಗೋಡೆಯ ಮೇಲೆ ನೀರಿಳಿಯುವಷ್ಟು ಹಬೆ. ಕೆಂಪು ಗೆರೆಯ ಮಧ್ಯಾಹ್ನವನ್ನು ಎತ್ತಿ ತಂದಿಟ್ಟಂತಿರುತ್ತದೆ. ಹೊಸ ಕೆಲಸಗಾರರೇ ಅಲ್ಲಿ ಕಾಲು ಗಂಟೆ ನಿಲ್ಲಲಾರರು. ಇಪ್ಪತ್ತಾರು ವರ್ಷ ಫ್ರೀಜರಿನಲ್ಲಿದ್ದವಳು ಐದು ನಿಮಿಷಕ್ಕೆ 'ಸಾಕಪ್ಪಾ' ಎಂದು ಹೊರಬಂದು ನೀಲಿ ಗೆರೆಗೆ ಒಪ್ಪುತ್ತಾಳೆ ಎಂದು ಮೇಸ್ತ್ರಿಯ ಲೆಕ್ಕಾಚಾರ.

ಶುಕ್ರವಾರ ಎರಡು ಗಂಟೆಗೆ ಫ್ರೀಜರಕ್ಕ ಮಗಳ ತಂಪು ಕನ್ನಡಕ ಹಾಕಿಕೊಂಡು, ಅಳಿಯನ ಹುಲ್ಲಿನ ಟೋಪಿ ಇಟ್ಟುಕೊಂಡು ಬೇಕರಿಯ ಹಿಂಬಾಗಿಲಿಗೆ ಬಂದಳು. ಸಂಜೆಯ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿದರು.

"ಅಕ್ಕಾ, ಪಾಸ್‌ಪೋರ್ಟ್ ತಂದಿದೀರಾ?"

"ನಿಮ್ಮ ಮೇಸ್ತ್ರಿಯ ಮುಖವೇ ಪಾಸ್‌ಪೋರ್ಟು. ಫೋಟೋ ಚೆನ್ನಾಗಿ ಬಂದಿಲ್ಲ, ಏನ್ಮಾಡೋದು."

ನೀಲಿ ಗೆರೆ ಬೆಣ್ಣೆ ಇಡುವ ತಣ್ಣನೆಯ ಕೋಣೆಯಲ್ಲಿತ್ತು. ಒಳಗೆ ಹೋಗಿ, ಸುತ್ತ ನೋಡಿ, ಬೆಣ್ಣೆಯ ಪೆಟ್ಟಿಗೆ ತಪ್ಪಾಗಿ ಜೋಡಿಸಿದ್ದೀರಿ, ಗಾಳಿಯಾಡಲು ನಡುವೆ ಜಾಗ ಬಿಡಬೇಕು ಎಂದು ಬೈದು, ಎರಡೇ ನಿಮಿಷದಲ್ಲಿ ಹೊರಬಂದಳು. "ಇದು ಪ್ರವಾಸ ಅಲ್ಲ, ಓವರ್‌ಟೈಮು." ಹಸಿರು ಗೆರೆ ಹಿಟ್ಟಿನ ಮೂಟೆಗಳ ಉಗ್ರಾಣ. ಹದವಾಗಿತ್ತು, ಒಣಗಿತ್ತು, ಮಗಳು ಹೇಳಿದಂತೆಯೇ ಸುರಕ್ಷಿತವಾಗಿತ್ತು. ಹತ್ತು ನಿಮಿಷ ಕೂತು ಬೆರಳು ನೋಡಿಕೊಂಡಳು. ಬಿಳಿ. ಇನ್ನೂ ಹತ್ತು ನಿಮಿಷ ಕೂತಳು. ಬಿಳಿಯೇ. ಎದ್ದಳು.

ಕೆಂಪು ಗೆರೆಯ ಬಾಗಿಲನ್ನು ಮೇಸ್ತ್ರಿ ಸ್ವತಃ ತೆರೆದು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟ. ಸುತ್ತ ಚೌಕಟ್ಟಿನ ಗಾಡಿಗಳಲ್ಲಿ ತಟ್ಟೆಗಳು, ತಟ್ಟೆಗಳಲ್ಲಿ ಸಂಜೆಯ ಬ್ರೆಡ್ಡಿನ ಹಿಟ್ಟು, ಮೆಲ್ಲಗೆ ಹೊಟ್ಟೆ ಉಬ್ಬಿಸಿಕೊಳ್ಳುತ್ತಿತ್ತು. ಈ ಕೋಣೆಗೆ ಎರಡೂ ಗೊತ್ತು: ಬೇಡವಾದಾಗ ತಣ್ಣಗಾಗಿ ಹಿಟ್ಟನ್ನು ಮಲಗಿಸುವುದು, ಬೇಕಾದಾಗ ಬೆಚ್ಚಗಾಗಿ ಎಬ್ಬಿಸುವುದು. ಎಲ್ಲ ಗೋಡೆಯ ಒಂದು ಪುಟ್ಟ ಪೆಟ್ಟಿಗೆಯ ಎರಡು ಬಾಣದ ಬಟನ್ನಿನಲ್ಲಿ.

"ಆಗ್ಲಿಲ್ಲ ಅಂದ್ರೆ ಕೂಗು," ಎಂದು ನಗುತ್ತ ಬಾಗಿಲೆಳೆದುಕೊಂಡ.

ಐದು ನಿಮಿಷವಾಯಿತು. ಹದಿನೈದಾಯಿತು. ಮೇಸ್ತ್ರಿ ಎರಡು ಸಲ ಬಾಗಿಲಿಗೆ ಕಿವಿ ಕೊಟ್ಟ. ಒಳಗೆ ಫ್ರೀಜರಕ್ಕ ಮೊದಲು ಒಂದು ಸ್ವೆಟರ್ ಬಿಚ್ಚಿದಳು, ಆಮೇಲೆ ಇನ್ನೊಂದು. ಹಣೆಯ ಮೇಲೆ ಏನೋ ಹರಿಯಿತು. ಮುಟ್ಟಿ ನೋಡಿದಳು: ಬೆವರು. ಎಷ್ಟೋ ವರ್ಷದ ಹಿಂದೆ ಊರು ಬಿಟ್ಟುಹೋದ ನೆಂಟನೊಬ್ಬ ಹೇಳದೆ ಕೇಳದೆ ಬಂದು ಮುಂದೆ ಕೂತ ಹಾಗಾಯಿತು. ಬೆರಳಲ್ಲಿ ಇರುವೆ ಹರಿದಂತೆ ಜುಮ್ಮೆಂದಿತು, ಆಮೇಲೆ ಸುಟ್ಟಂತೆ ಉರಿಯಿತು, ಆಮೇಲೆ ಏನೂ ಇಲ್ಲ. ಹಿಟ್ಟಿನ ಹುಳಿವಾಸನೆ, ಹಬೆ, ತಟ್ಟೆಗಳ ಮೌನ. ಟೋಪಿ ಮುಖಕ್ಕೆ ಜಾರಿತು. ಫ್ರೀಜರಕ್ಕ ಬಾಯಿ ತೆರೆದು ನಿದ್ದೆ ಹೋದಳು.

ಎಷ್ಟು ಹೊತ್ತಾಗಿತ್ತೋ. ಕುತ್ತಿಗೆ ಉಳುಕಿ ಕಣ್ಣು ಬಿಟ್ಟಾಗ ಎದುರಿನ ಗೋಡೆಯಲ್ಲಿ ಕೆಂಪು ಅಂಕಿ ಹೊಳೆಯುತ್ತಿತ್ತು: ಮೂವತ್ತೆರಡು. ಮುಂದೆ ಮೈನಸ್ ಇರಲಿಲ್ಲ.

ಇಪ್ಪತ್ತಾರು ವರ್ಷದಲ್ಲಿ ಅವಳು ಕಂಡಿದ್ದ ಅತಿ ದೊಡ್ಡ ಅನಾಹುತವೆಂದರೆ ಮೈನಸ್ ಒಂಬತ್ತು. ಆಗಲೇ ಮ್ಯಾನೇಜರು ಕುರ್ಚಿಯಿಂದ ಬಿದ್ದಿದ್ದರು. ಮೂವತ್ತೆರಡು ಎಂದರೆ ಬಂದರಿನ ಮೀನೆಲ್ಲ ಎದ್ದು ನಡೆದುಹೋಗಿರಬೇಕು. ತಲೆಗೆ ಎಚ್ಚರವಾಗುವ ಮೊದಲೇ ಕೈ ಎದ್ದಿತು. ಕೆಳಬಾಣದ ಬಟನ್ನನ್ನು ಅದು ಇನ್ನು ಇಳಿಯಲಾರೆ ಎನ್ನುವವರೆಗೆ ಒತ್ತಿತು. ಕಾಲು ಹೊರಗೆ ಓಡಿತು. ಸೊಂಟ ತಿರುಗಿ, ಇದ್ದ ಬಲವನ್ನೆಲ್ಲ ಹಾಕಿ ಬಾಗಿಲಿಗೆ ಗುದ್ದಿತು.

ಬೇಕರಿಯ ಬಾಗಿಲು ಫ್ರೀಜರಿನ ಬಾಗಿಲಲ್ಲ, ಹಗುರವಾದ ತಗಡು. ಧಡಾರೆಂದಿತು. ಗೋಡೆ ನಡುಗಿತು. ಒಳಗೆ ಗಾಡಿಗಳು ಒಂದಕ್ಕೊಂದು ಹಾಯ್ದವು. ಉಬ್ಬಿ ನಿಂತ ಹಿಟ್ಟು ಬಸುರಿಯಂತೆ, ಸ್ವಲ್ಪ ಕುಲುಕಿದರೂ ತಡೆಯದು ಎಂದು ಮೇಸ್ತ್ರಿ ದಿನಾ ಬಡಕೊಳ್ಳುತ್ತಿದ್ದ. ಅಷ್ಟೂ ತಟ್ಟೆಯ ಹಿಟ್ಟು ಒಟ್ಟಿಗೇ, ಉಸ್ಸೆಂದು, ದಣಿದವರು ಚಪ್ಪಲಿ ಬಿಟ್ಟು ಕೂತ ಹಾಗೆ ಕುಸಿದುಹೋಯಿತು.

"ರೂಮು ಏರಿತ್ತು ಕಣ್ರೀ!" ಎಂದು ಓಡಿಬಂದಳು ಫ್ರೀಜರಕ್ಕ, ಕನ್ನಡಕ ಒಂದು ಕಿವಿಗೆ ನೇತಾಡುತ್ತ. "ಇಳಿಸಿದೀನಿ. ಇಲ್ಲಾಂದ್ರೆ ಸರಕೆಲ್ಲ ಹೋಗ್ತಿತ್ತು!"

ಹೇಳಿ ಮುಗಿಸುವಷ್ಟರಲ್ಲಿ ತಾನೆಲ್ಲಿದ್ದೇನೆಂದು ಗೊತ್ತಾಯಿತು. ಮೇಸ್ತ್ರಿ ಬಾಗಿಲು ತೆರೆದು ನೋಡಿದ. ಟವೆಲ್ಲು ಕುತ್ತಿಗೆಯಿಂದ ತೆಗೆದು ತಲೆಗೆ ಹಾಕಿಕೊಂಡ. ಒಳಗಿದ್ದದ್ದು ಬ್ರೆಡ್ಡಲ್ಲ, ಚಪ್ಪಲಿ ಅಂಗಡಿ.

"ನಾನು ಏನ್ ಹೇಳಿದ್ದೆ? ಆಗ್ಲಿಲ್ಲ ಅಂದ್ರೆ ಕೂಗು ಅಂದಿದ್ದೆ. ಕೂಗೇ ಅಂದ್ರೆ ಬಾಂಬ್ ಹಾಕಿದ್ಯಲ್ಲೇ!"

"ನೀವ್ಯಾಕ್ರೀ ಅಲ್ಲಿ ನಂಬರ್ ತೋರಿಸೋ ಡಬ್ಬಿ ಇಟ್ಟಿದ್ದು?"

"ನಿನ್ನ ಮೈಗೆ ಬಿಸಿ ಆಗಿಬರಲ್ಲ ಅಂತ ಈಗಾದ್ರೂ ಗೊತ್ತಾಯ್ತಾ? ಗಂಟೆ ಆಗ್ಲೇ ನಾಲ್ಕು. ಐದರೊಳಗೆ ನೀಲಿ ಅಂತ ಹೇಳ್ಬಿಡೋಣ, ನಡಿ."

ಫ್ರೀಜರಕ್ಕ ಕುಸಿದ ಹಿಟ್ಟಿನ ತಟ್ಟೆಗಳನ್ನು ನೋಡಿದಳು. ಅವನು ಹೇಳುತ್ತಿರುವುದು ನಿಜವಿರಬಹುದು. ಬಿಸಿ ಬಂದರೆ ಅಟ್ಟಿಸಿಕೊಂಡು ಹೋಗುವುದೊಂದೇ ಗೊತ್ತಿರುವ ಮೈಯನ್ನು ಯಾವ ದ್ವೀಪಕ್ಕೆ ಹೊತ್ತೊಯ್ದು ಏನು ಉಪಯೋಗ?

ಅದೇ ಹೊತ್ತಿಗೆ ಹಿಂಬಾಗಿಲು ತೆರೆಯಿತು. ಮಗಳು, ಎದೆಗೆ ಕಟ್ಟಿಕೊಂಡ ಕೂಸು, ಕೂಸಿಗೆ ಎರಡು ಟೋಪಿ. "ಅಮ್ಮಾ, ಫೋನ್ ಯಾಕೆ ಎತ್ತಲ್ಲ? ಎಂಟು ಸಲ ಮಾಡಿದೆ. ಬಿಸಿಗೆ ತಲೆ ತಿರುಗಿ ಬಿದ್ದೆಯೇನೋ ಅಂತ..." ಎನ್ನುತ್ತಲೇ ಒಳಗೆ ಕಾಲಿಟ್ಟಳು. ನೆಲದ ಮೇಲೆ ಹಿಟ್ಟಿನ ಪುಡಿ. ಕಾಲು ಸರ್ರೆಂದಿತು. ಒಂದು ಕೈಯಲ್ಲಿ ಮೇಜು ಹಿಡಿದು, ಇನ್ನೊಂದರಲ್ಲಿ ಜೋಳಿಗೆಯಿಂದ ಕೂಸನ್ನು ಎತ್ತಿ, ಹತ್ತಿರವಿದ್ದವರ ಕಡೆ ಚಾಚಿದಳು. "ಹಿಡ್ಕೊಳ್ಳಿ, ಹಿಡ್ಕೊಳ್ಳಿ!"

ಹತ್ತಿರವಿದ್ದದ್ದು ಫ್ರೀಜರಕ್ಕ.

ಹಿಡಿದ ಮೇಲೇ ಎಲ್ಲರಿಗೂ ಹೊಳೆದದ್ದು. ಮಗಳು ಉಸಿರು ಹಿಡಿದಳು. ಮೇಸ್ತ್ರಿ ಕಿವಿ ಮುಚ್ಚಿಕೊಳ್ಳಲು ಟವೆಲ್ಲು ಎಳೆದುಕೊಂಡ. ಹಿಟ್ಟು ನಾದುವವರು ಒಂದು ಹೆಜ್ಜೆ ಹಿಂದೆ ಸರಿದರು.

ಕೂಸು ಕಿರುಚಲಿಲ್ಲ. ಹುಬ್ಬು ಗಂಟಿಕ್ಕಿ ಅಜ್ಜಿಯ ಮುಖ ನೋಡಿತು. ಕುತ್ತಿಗೆಯ ಹಿಂದೆ ಆನಿಸಿದ್ದ ಬೆರಳುಗಳನ್ನು ಪರೀಕ್ಷಿಸುವಂತೆ ತಲೆ ಆಡಿಸಿತು. ಆಮೇಲೆ ಒಂದು ಕೈ ಚಾಚಿ, ಕಿವಿಗೆ ನೇತಾಡುತ್ತಿದ್ದ ಕನ್ನಡಕವನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು.

"ಕೈ ತೋರ್ಸು," ಎಂದಳು ಮಗಳು, ಪಿಸುಮಾತಿನಲ್ಲಿ.

"ತೋರ್ಸೋಕೆ ಕೈ ಖಾಲಿ ಇಲ್ಲ."

ಮಗಳು ತಾನೇ ಬಂದು ಬೆರಳ ತುದಿಯನ್ನು ಮುಟ್ಟಿದಳು. ಗುಲಾಬಿ. ಬೆಚ್ಚಗಿತ್ತು. ಎರಡನೆಯ ಥರ್ಮಾಮೀಟರ್ ತರದೆ ಬಂದದ್ದಕ್ಕೆ ಅವಳಿಗೆ ಒಂದು ಗಳಿಗೆ ಬೇಸರವಾಯಿತು. ಆಮೇಲೆ ಮೂಗೊರೆಸಿಕೊಂಡು, "ಪಾಪು ಕನ್ನಡಕ ತಿಂತಿದೆಯಮ್ಮ, ತೊಳೆದಿದೀಯಾ ಅದನ್ನ?" ಎಂದಳು. ಅವಳು ಖುಷಿಯಾದಾಗ ಮಾತಾಡುವುದೂ ಹೀಗೆಯೇ.

ನಾಲ್ಕೂ ಮುಕ್ಕಾಲಿಗೆ ಮೇಸ್ತ್ರಿಯ ಫೋನು ಬಡಿದುಕೊಂಡಿತು. ಟಿಕೆಟ್ ಮೇಡಂ. ಅವನು ಫೋನನ್ನು ಹೆಂಡತಿಯ ಕಿವಿಗೆ ಹಿಡಿದ. ಅವಳ ಎರಡು ಕೈಯೂ ತುಂಬಿದ್ದವು.

"ಕೆಂಪು," ಎಂದಳು ಫ್ರೀಜರಕ್ಕ.

"ಲೇ," ಎಂದ ಮೇಸ್ತ್ರಿ, ಅಳುವ ದನಿಯಲ್ಲಿ, "ನನ್ನ ಗತಿ? ಮೂವತ್ತೆರಡಲ್ಲಿ ಎರಡು ವಾರ! ಓವನ್ನಿಂದ ಓವನ್ನಿಗೆ!"

"ನಿಮಗೆ ಒಳಗೆ ಹತ್ತೊಂಬತ್ತು ಇದೆಯಲ್ರೀ. ಬಾಗಿಲು ಹಾಕ್ಕೊಂಡು ಬಿದ್ಕೊಳ್ಳಿ. ನಾನು ಡೆಕ್ಕಲ್ಲಿರ್ತೀನಿ. ಊಟಕ್ಕೆ ಬಾಗಿಲ ಹತ್ರ ಸಿಗೋಣ." ಮತ್ತೆ ಫೋನಿಗೆ, "ಮೇಡಂ, ಒಂದು ಮಾತು. ಡೆಕ್ಕಲ್ಲಿ ಎಲ್ಲಾದ್ರೂ ನಂಬರ್ ತೋರಿಸೋ ಡಬ್ಬಿ ಇದ್ರೆ ಬಟ್ಟೆ ಮುಚ್ಚಿಡೋಕೆ ಹೇಳಿ. ಎಲ್ಲರ ಒಳ್ಳೇದಕ್ಕೇ ಹೇಳ್ತಿದೀನಿ."

ಹತ್ತೊಂಬತ್ತು ಎಂಬುದು ಮೇಸ್ತ್ರಿಯ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಮುಖ ಸಡಿಲವಾಯಿತು. ಆ ಕಡೆ ಕುಸಿದ ಹಿಟ್ಟನ್ನು ಹಾಗೆಯೇ ಓವನ್ನಿಗೆ ಹಾಕಿ ಎಂದು ಕೂಗಿದ. ಆ ಸಂಜೆ ಕೌಂಟರಿನಾಕೆ ಇಡೀ ಬೀದಿಗೆ ಚಪ್ಪಟೆ ಬ್ರೆಡ್ಡು ಮಾರಿದಳು. ಇದೇನೆಂದು ಕೇಳಿದವರಿಗೆಲ್ಲ ಹೊಸ ಬಗೆ, ಹಡಗಿನಲ್ಲೆಲ್ಲ ಇದನ್ನೇ ಕೊಡುವುದು ಎಂದಳು. ಸೋಮವಾರ ಇಬ್ಬರು ಬಂದು ಅದೇ ಬೇಕೆಂದು ಕೇಳಿದರಂತೆ.

ಫ್ರೀಜರಕ್ಕ ಮಾತ್ರ ಮನೆಗೆ ಹೊರಟಿರಲಿಲ್ಲ. ಓವನ್ನಿನ ಪಕ್ಕದ ಸ್ಟೂಲಿನ ಮೇಲೆ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು, ಐದು ತಿಂಗಳ ಬಾಕಿಯನ್ನು ಒಂದೇ ಸಂಜೆಗೆ ತೀರಿಸಿಕೊಳ್ಳುವವಳಂತೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಕೂಸು ಗಂಭೀರವಾಗಿ ಮುಖ ಕೆಂಪಗೆ ಮಾಡಿತು. ಅಜ್ಜಿಯ ಸೀರೆಯಿಂದ ನೀರು ತೊಟ್ಟಿಕ್ಕಿತು.

"ಅಯ್ಯೋ, ಕೊಡಮ್ಮ, ಬಟ್ಟೆ ಬದಲಾಯಿಸ್ತೀನಿ!" ಎಂದು ಮಗಳು ಓಡಿಬಂದಳು.

"ಇರ್ಲಿ ಬಿಡೇ," ಎಂದಳು ಫ್ರೀಜರಕ್ಕ, ಕದಲದೆ. "ಬೆಚ್ಚಗಿದೆ."